ಒಂದೇ ಮಾದರಿಯ ಮೂರು ಹಳೆಯ ಕಾರುಗಳು: ಯಾರ್ಡ್, ಕಂಪನಿ ಮಳಿಗೆ, ನೇರ ಮಾಲೀಕರು

ಹಳೆಯ ಕಾರನ್ನು ಕೊಳ್ಳುವುದಾದರೆ ಅದನ್ನು ಓಡಿಸಿದವರ ಮನೆಯ ಮುಂದಿನಿಂದಲೇ ಕೊಳ್ಳಬೇಕು ಎಂಬುದು ನನ್ನ ಮೊದಲಿನ ಅಭಿಪ್ರಾಯ. ಬಳ್ಳಾರಿಯಲ್ಲಿ ಮೂರು ಕಡೆ ಮೂರು ಕಾರುಗಳನ್ನು ನೋಡಿ, ಓಡಿಸಿ, ಕೊನೆಗೆ ಒಂದನ್ನು ಮನೆಗೆ ತಂದ ಮೇಲೆ ಅದು ಇನ್ನಷ್ಟು ಗಟ್ಟಿಯಾಗಿದೆ. ಮೂರೂ 2018ರ ಪೆಟ್ರೋಲ್ ವ್ಯಾಗನ್ ಆರ್ ಆಗಿದ್ದುದರಿಂದ ಮೈಲೇಜು, ಜಾಗ, ಎಂಜಿನ್ ಸಾಮರ್ಥ್ಯಗಳ ಚರ್ಚೆ ಇಲ್ಲಿ ಬೇಕಾಗಿಲ್ಲ. ಹಳೆಯ ಕಾರುಗಳ ವ್ಯಾಪಾರಿಗಳು ನಡೆಸುವ ಕನ್ಸಲ್ಟೆನ್ಸಿ ಯಾರ್ಡಿನವರು ಹೇಳಿದ ಬೆಲೆ 3.30 ಲಕ್ಷ, ಕಾರು ಕಂಪನಿಯೇ ನಡೆಸುವ ಹಳೆಯ ಕಾರುಗಳ ಮಳಿಗೆಯಲ್ಲಿ 4.40 ಲಕ್ಷ, ಗಾಂಧಿನಗರದ ನಿವೃತ್ತ ಉಪನ್ಯಾಸಕರೊಬ್ಬರ ಮನೆಯಲ್ಲಿ 3.80 ಲಕ್ಷ. ನನ್ನ ಕೈಯಲ್ಲಿದ್ದುದು ನಾಲ್ಕು ಲಕ್ಷ, ಅದರಲ್ಲೇ ಟೈರು, ಬ್ಯಾಟರಿಗಳ ಖರ್ಚೂ ಸೇರಬೇಕಿತ್ತು.

ಯಾರ್ಡಿನ ಕಾರು ಅಗ್ಗವಾಗಿ ಕಂಡಿದ್ದಕ್ಕೆ ಕಾರಣ ಅದರ ನಂಬರ್ ಪ್ಲೇಟಿನಲ್ಲೇ ಇತ್ತು. ಎಪಿ 02 ಎಂದರೆ ಅನಂತಪುರದ ನೋಂದಣಿ. ಗಡಿ ಪಕ್ಕದಲ್ಲೇ ಇರುವುದರಿಂದ ಬಳ್ಳಾರಿಗೆ ಅನಂತಪುರದ ಗಾಡಿಗಳೂ ರಾಯಚೂರಿಗೆ ಕರ್ನೂಲು, ಮಹಬೂಬನಗರದ ಗಾಡಿಗಳೂ ಧಾರಾಳವಾಗಿ ಬರುತ್ತವೆ. ಹೊರರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಮೂಲ ಆರ್‌ಟಿಓದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ನೋಂದಣಿ ಸಂಖ್ಯೆ ಪಡೆದು, ಗಾಡಿಯ ವಯಸ್ಸಿಗೆ ತಕ್ಕ ಲೈಫ್ ಟ್ಯಾಕ್ಸನ್ನು ಕರ್ನಾಟಕಕ್ಕೆ ಹೊಸದಾಗಿ ಕಟ್ಟಬೇಕು. ಅಲ್ಲಿ ಮೊದಲು ಕಟ್ಟಿದ ತೆರಿಗೆಯಲ್ಲಿ ಉಳಿಕೆಯನ್ನು ವಾಪಸು ಪಡೆಯುವ ಅರ್ಜಿಯನ್ನು ಅಲ್ಲಿಗೇ ಹಾಕಬೇಕು, ಅದಕ್ಕಾಗಿ ಓಡಾಡುವವರು ನಾವೇ. ಈ ತೆರಿಗೆ, ಶುಲ್ಕ, ಏಜೆಂಟರ ಹಣ ಎಲ್ಲವನ್ನೂ ಕಾಗದದ ಮೇಲೆ ಕೂಡಿಸಿದಾಗ 3.30 ಲಕ್ಷದ ಕಾರಿಗೂ ಮೇಷ್ಟರ ಕಾರಿಗೂ ಇದ್ದ ಅಂತರ ಬಹುಪಾಲು ಕರಗಿಹೋಯಿತು.

ಅಷ್ಟಾದರೂ ಗಾಡಿ ಚೆನ್ನಾಗಿದ್ದರೆ ವಿಚಾರ ಮಾಡಬಹುದಿತ್ತು. ಹೊರಗಿನ ಪಾಲಿಶ್ ಕಣ್ಣು ಕುಕ್ಕುವಂತಿತ್ತು, ಸೀಟುಗಳಿಗೆ ಹೊಸ ಕವರ್ ಹಾಕಿದ್ದರು, ಮೀಟರ್ 42,000 ಕಿಲೋಮೀಟರ್ ತೋರಿಸುತ್ತಿತ್ತು. ನಮ್ಮ ಸೀಮೆಯಲ್ಲಿ ಕಾರು ನೋಡುವವರು ಮೊದಲು ಮಾಡಬೇಕಾದ ಪರೀಕ್ಷೆಯೊಂದಿದೆ. ಡ್ರೈವರ್ ಬದಿಯ ಸೀಟ್ ಬೆಲ್ಟನ್ನು ಮಾಮೂಲಿಯಾಗಿ ಹಾಕಿಕೊಳ್ಳುವಷ್ಟಕ್ಕೇ ನಿಲ್ಲಿಸದೆ, ಸುರುಳಿಯ ಕೊನೆಯ ಗೇಣಿನವರೆಗೂ ಎಳೆದು ನೋಡಬೇಕು. ಎಷ್ಟೇ ತೊಳೆದರೂ ಆ ಕೊನೆಯ ಭಾಗದ ತನಕ ಯಾರೂ ಹೋಗುವುದಿಲ್ಲ. ಈ ಕಾರಿನ ಬೆಲ್ಟಿನ ಕೊನೆ ಕೆಂಪಗಿತ್ತು, ಉಗುರಿನಿಂದ ಕೆರೆದಾಗ ಮಿನುಗುವ ನುಣ್ಣನೆಯ ಧೂಳು ಬೆರಳಿಗೆ ಅಂಟಿತು. ಹೊಲದ ಮಣ್ಣಿಗೆ ಆ ಮಿನುಗು ಇರುವುದಿಲ್ಲ, ಅದು ಅದಿರಿನ ಧೂಳು. ‘ಅನಂತಪುರದ ಡಾಕ್ಟರರ ಗಾಡಿ ಸಾರ್, ಮನೆಯಿಂದ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲೂ ಹೋಗಿಲ್ಲ’ ಎಂದು ಯಾರ್ಡಿನವರು ಹೇಳುತ್ತಲೇ ಇದ್ದರು. ಸಂಡೂರಿನ ಗಣಿಯ ಕಡೆಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೋ ಗುತ್ತಿಗೆಯ ಮೇಲೆ ಓಡಿದ ಗಾಡಿಯಾದರೆ ಎಸಿ ಬ್ಲೋವರ್, ಕಿಟಕಿಯ ಚಾನೆಲ್, ಬ್ರೇಕ್ ಡ್ರಮ್ ಎಲ್ಲ ಕಡೆಯೂ ಇದೇ ಧೂಳು ಕೂತಿರುತ್ತದೆ. ಕ್ಲಚ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದುದೂ 42,000ಕ್ಕೆ ಹೊಂದುವ ಸಂಗತಿಯಾಗಿರಲಿಲ್ಲ.

ಹಳೆಯ ವಾಹನಗಳ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಯಾರ್ಡಿನವರಲ್ಲಿ ಆ ಪತ್ರವನ್ನು ಕೇಳಿದಾಗ ಚಹಾ ಬಂತು, ಪತ್ರ ಬರಲಿಲ್ಲ.

ಕಂಪನಿ ಮಳಿಗೆಯ ಬಗ್ಗೆ ದೂರುವಂಥದ್ದು ಹೆಚ್ಚಿಲ್ಲ. ಕೆಎ 34ರ ಗಾಡಿ, ಸರ್ವಿಸ್ ದಾಖಲೆ ಪೂರ್ತಿ, ಹೆಸರು ವರ್ಗಾವಣೆಯನ್ನು ಅವರೇ ಮಾಡಿಸಿಕೊಡುತ್ತಾರೆ, ಮೇಲೆ ಒಂದಿಷ್ಟು ವಾರಂಟಿ. ಆದರೆ ನನಗೆ ತೋರಿಸಿದ ವಾರಂಟಿ ಕಾಗದದಲ್ಲಿ ಕ್ಲಚ್, ಬ್ಯಾಟರಿ, ಟೈರು, ರಬ್ಬರಿನ ಭಾಗಗಳು ಸೇರಿರಲಿಲ್ಲ, ಎಂಟು ವರ್ಷದತ್ತ ಸಾಗುವ ಗಾಡಿಯಲ್ಲಿ ಕೈಕೊಡುವುದು ಬಹುತೇಕ ಅವೇ. ಹಿಂದಿನ ಮಾಲೀಕರೊಂದಿಗೆ ಒಂದು ಮಾತು ಆಡಬಹುದೇ ಎಂದು ಕೇಳಿದ್ದಕ್ಕೆ ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಾನು ಹೋಗುವಷ್ಟರಲ್ಲಿ ಎಂಜಿನ್ ಬಿಸಿಯಾಗಿತ್ತು. ತಣ್ಣಗಿರುವ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗ ಬರುವ ಸದ್ದನ್ನೂ ಹೊಗೆಯ ಬಣ್ಣವನ್ನೂ ನೋಡದೆ ಹಣ ಕೊಡುವ ಅಭ್ಯಾಸ ನನಗಿಲ್ಲ. ಹಳೆಯ ಕಾರಿನ ಮೇಲೆ ಈಗ ಶೇ. 18ರಷ್ಟು ಜಿಎಸ್‌ಟಿ ಇರುವುದರಿಂದ ಬೆಲೆ ಹೆಚ್ಚು ಎಂದು ಅಲ್ಲಿಯವರು ವಿವರಿಸಿದರು. ಆ ತೆರಿಗೆ ಬೀಳುವುದು ಕಾರಿನ ಪೂರ್ತಿ ಬೆಲೆಯ ಮೇಲಲ್ಲ, ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲೆ ಮಾತ್ರ, ವ್ಯಕ್ತಿಯಿಂದ ವ್ಯಕ್ತಿಗೆ ಮಾರಿದಾಗ ಅದೂ ಇಲ್ಲ.

ಮೇಷ್ಟರ ಕಾರನ್ನು ಬೆಳಿಗ್ಗೆ ಆರೂವರೆಗೆ ನೋಡಲು ಹೋದೆ. ಯಾವ ಸ್ಕ್ರಾಚ್ ಯಾವ ಗೇಟಿಗೆ ತಾಗಿ ಆಯಿತೆಂಬುದನ್ನೂ ಅವರು ಹೇಳಿದರು. ಮುಂಗಾಜಿನ ಮೇಲಿನ ತಯಾರಿಕೆಯ ಗುರುತು ಉಳಿದ ಗಾಜುಗಳ ಗುರುತಿಗೆ ಹೊಂದುತ್ತಿತ್ತು. ಬಾನೆಟ್ ಬೋಲ್ಟುಗಳ ಮೇಲಿನ ಬಣ್ಣಕ್ಕೆ ಪಾನಾ ತಾಗಿರಲಿಲ್ಲ, ಬಟ್ಟೆ ಸುತ್ತಿದ ಅಯಸ್ಕಾಂತ ಎಲ್ಲ ಬಾಗಿಲುಗಳಿಗೂ ಕಚ್ಚಿಕೊಂಡಿತು. ಬಣ್ಣದಡಿ ಪುಟ್ಟಿ ಮೆತ್ತಿದ್ದರೆ ಅದು ಜಾರುತ್ತದೆ. ಟೈರುಗಳ ಪಕ್ಕದಲ್ಲಿ 1118 ಎಂದಿತ್ತು, ಅಂದರೆ 2018ರ ಹನ್ನೊಂದನೆಯ ವಾರದ ತಯಾರಿಕೆ, ಕಾರಿನೊಂದಿಗೇ ಬಂದವು. ಟೈರಿನ ಮೇಲ್ಮೈಯ ಗೀರುಗಳು ಆಳವಾಗಿ ಉಳಿದಿದ್ದರೂ ಪಕ್ಕದ ರಬ್ಬರು ಸೀಳುಬಿಟ್ಟಿದ್ದನ್ನು ತೋರಿಸಿದ್ದಕ್ಕೆ ಬೆಲೆ 3.65 ಲಕ್ಷಕ್ಕೆ ಇಳಿಯಿತು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ 2019ರ ಏಪ್ರಿಲ್‌ನಿಂದಲೂ ಡ್ರೈವರ್ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದಲೂ ಕಡ್ಡಾಯವಾದವು. ಆದ್ದರಿಂದ ಅದಕ್ಕೂ ಹಳೆಯ ಗಾಡಿಯಾದರೆ ಅವೆರಡೂ ಇವೆಯೇ ಎಂದು ಕೇಳಿಯೇ ತಿಳಿದುಕೊಳ್ಳಬೇಕು. ಇದರಲ್ಲಿ ಎರಡೂ ಇದ್ದವು. ಎಸಿಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೊಮ್ಮೆ ಹೋಗಿ ನೋಡಿದೆ, ನಮ್ಮೂರಲ್ಲಿ ಬೆಳಗಿನ ಎಸಿ ಪರೀಕ್ಷೆಗೆ ಅರ್ಥವಿಲ್ಲ.

ತೊಡಕು ಇದ್ದುದು ಆರ್‌ಸಿಯಲ್ಲಿ. ಮೇಷ್ಟರು ಕಾರಿನ ಸಾಲವನ್ನು ಎಂದೋ ತೀರಿಸಿದ್ದರು, ಆದರೆ ಆರ್‌ಸಿಯ ಮೇಲೆ ಫೈನಾನ್ಸ್ ಕಂಪನಿಯ ಹೆಸರು ಹಾಗೆಯೇ ಉಳಿದಿತ್ತು. ಕೊನೆಯ ಕಂತು ಕಟ್ಟಿದ ಕೂಡಲೇ ಅದು ತಾನಾಗಿ ಹೋಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರದೊಂದಿಗೆ, ಅವರೂ ಮಾಲೀಕರೂ ಸಹಿ ಮಾಡಿದ ಫಾರಂ 35ನ್ನು ಆರ್‌ಟಿಓಗೆ ಕೊಟ್ಟು ‘ಎಚ್‌ಪಿ’, ಅಂದರೆ ಆರ್‌ಸಿಯಲ್ಲಿರುವ ಸಾಲದವರ ಹೆಸರಿನ ನಮೂದನ್ನು ತೆಗೆಸಬೇಕು. ಅಲ್ಲಿಯವರೆಗೆ ಸಾಲದವರ ಒಪ್ಪಿಗೆ ಇಲ್ಲದೆ ಹೆಸರು ವರ್ಗವಾಗುವುದಿಲ್ಲ.

ಮೇಷ್ಟರ ಕಪಾಟಿನಲ್ಲಿ ಆ ಪತ್ರ ಭದ್ರವಾಗಿಯೇ ಇತ್ತು, ಆದರೆ ಅದರ ಮೇಲೆ ಮುದ್ರಿಸಿದ್ದ ಮೂರು ತಿಂಗಳ ಅವಧಿ ಮುಗಿದು ವರ್ಷಗಳಾಗಿದ್ದವು. ಹೊಸ ಪತ್ರ ಕೇಳೋಣವೆಂದರೆ ಆ ಕಂಪನಿಯ ಇಲ್ಲಿಯ ಶಾಖೆ ಮುಚ್ಚಿತ್ತು. ದೂರವಾಣಿಯಲ್ಲಿ ಒಬ್ಬರು ಹುಬ್ಬಳ್ಳಿಗೆ ಹೋಗಿ ಎಂದರು, ಹುಬ್ಬಳ್ಳಿಯವರು ಇಮೇಲ್ ಕಳುಹಿಸಿ ಎಂದರು, ಇಮೇಲಿಗೆ ಉತ್ತರವಾಗಿ ಸಾಲದ ಖಾತೆಯ ಸಂಖ್ಯೆ ಕೇಳಿದರು. ಖಾತೆ ಮುಚ್ಚಿದವರು ಸಂಖ್ಯೆಯನ್ನು ಎಲ್ಲಿ ಇಟ್ಟುಕೊಂಡಿರುತ್ತಾರೆ? ಅದು ಕೊನೆಗೆ ಹಳೆಯ ಪಾಸ್‌ಬುಕ್ಕಿನ ಕಂತಿನ ಸಾಲೊಂದರಲ್ಲಿ ಸಿಕ್ಕಿತು.

ಪತ್ರ ಬಂದ ಮೇಲೆ ಇನ್ನೊಂದು ಗಂಟು ಬಿತ್ತು. ಆನ್‌ಲೈನ್ ಅರ್ಜಿಗೆ ಬೇಕಾದ ಓಟಿಪಿ ಮೇಷ್ಟರ ಫೋನಿಗೆ ಬರುತ್ತಲೇ ಇರಲಿಲ್ಲ. ಹೊಸ ಕಾರು ನೋಂದಾಯಿಸುವಾಗ ಶೋರೂಮಿನವರು ತಮ್ಮದೇ ಯಾವುದೋ ಮೊಬೈಲ್ ಸಂಖ್ಯೆಯನ್ನು ದಾಖಲಿಸಿದ್ದರು. ಪರಿವಾಹನ್ ಪೋರ್ಟಲ್‌ನಲ್ಲಿ ಛಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ನೋಂದಣಿ ದಿನಾಂಕ ಕೊಟ್ಟು ಮೊಬೈಲ್ ಸಂಖ್ಯೆ ಬದಲಿಸಿದ ಮೇಲಷ್ಟೇ ಮುಂದಿನ ಪುಟ ತೆರೆಯಿತು. ಯಾರಾದರೂ ನೇರವಾಗಿ ಕಾರು ಕೊಳ್ಳುವುದಿದ್ದರೆ, ಬಾನೆಟ್ ಎತ್ತುವ ಮೊದಲೇ ಮಾಲೀಕರ ಪಕ್ಕದಲ್ಲಿ ಕೂತು ಈ ಎರಡನ್ನು ನೋಡಿಕೊಳ್ಳಲಿ: ಆರ್‌ಸಿಯಲ್ಲಿ ಎಚ್‌ಪಿ ಇದೆಯೇ, ಓಟಿಪಿ ಯಾರ ಫೋನಿಗೆ ಹೋಗುತ್ತದೆ. ಬಾಕಿ ಇ-ಚಲನ್‌ಗಳನ್ನೂ ಆಗಲೇ ನೋಡಬಹುದು.

ಈ ಓಡಾಟ ಮುಗಿಯುವವರೆಗೆ ಮುಂಗಡವಾಗಿ ಹತ್ತು ಸಾವಿರ ಮಾತ್ರ ಕೊಟ್ಟಿದ್ದೆ, ಕಾರು ಅವರ ಮನೆಯ ಮುಂದೆಯೇ ನಿಂತಿತ್ತು. ಆರ್‌ಸಿಯಿಂದ ಎಚ್‌ಪಿ ಹೋದ ದಿನವೇ ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿ, ಕಾರು ಕೈಬದಲಾದ ದಿನಾಂಕ, ಸಮಯ ಬರೆದ ಕರಾರುಪತ್ರ ಮಾಡಿಕೊಂಡೆವು. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿರುವುದರಿಂದ, ವರ್ಗಾವಣೆಯ ಅವಸರ ನನಗಿಂತ ಮೇಷ್ಟರಿಗೇ ಹೆಚ್ಚಿತ್ತು. ವಿಮೆಯನ್ನು 14 ದಿನಗಳೊಳಗೆ ನಮ್ಮ ಹೆಸರಿಗೆ ಮಾಡಿಸಬೇಕು. ಕ್ಲೇಮು ಮಾಡದ ವರ್ಷಗಳಿಗೆ ವಿಮೆಯ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್ ಮಾತ್ರ ಹಳೆಯ ಮಾಲೀಕರ ಬಳಿಯೇ ಉಳಿಯುತ್ತದೆ, ಆ ವ್ಯತ್ಯಾಸದ ಹಣವನ್ನು ನಾನು ತುಂಬಿದೆ.

ನನ್ನ ಓಡಾಟ ಬಳ್ಳಾರಿ, ಸಿರುಗುಪ್ಪ, ಹಬ್ಬಕ್ಕೆ ಸಿಂಧನೂರು. ಕಚೇರಿಯಿಂದ ಮಧ್ಯಾಹ್ನ ಬಿಡುವು ಮಾಡಿಕೊಂಡು ಆರ್‌ಟಿಓಗೆ ಹೋಗಬಲ್ಲೆ, ಗುರುತಿನ ಮೆಕ್ಯಾನಿಕ್ ಇದ್ದಾರೆ. ಆದ್ದರಿಂದ ನನಗೆ ನೇರ ಮಾಲೀಕರೇ ಸರಿ. ದೂರದ ಊರಲ್ಲಿ ಕೆಲಸ, ರಜೆ ಸಿಗದು, ಕಾಗದಗಳ ಹಿಂದೆ ಅಲೆಯಲಾರೆ ಎನ್ನುವವರು ಎಪ್ಪತ್ತೈದು ಸಾವಿರ ಹೆಚ್ಚು ಕೊಟ್ಟು ಕಂಪನಿ ಮಳಿಗೆಗೆ ಹೋಗುವುದರಲ್ಲಿ ತಪ್ಪಿಲ್ಲ, ಆ ಹಣ ಅವರ ಓಡಾಟದ ಕೂಲಿ. ಯಾರ್ಡಿನ ಹೊರರಾಜ್ಯದ ಗಾಡಿಯನ್ನು ಮಾತ್ರ ಇದಕ್ಕಿಂತ ಐವತ್ತು ಸಾವಿರ ಇಳಿಸಿ ಕೊಟ್ಟರೂ ನಾನು ತರುತ್ತಿರಲಿಲ್ಲ. ಉಳಿದ ಹಣದಲ್ಲಿ ನಾಲ್ಕು ಟೈರು, ಒಂದು ಬ್ಯಾಟರಿ ಹಾಕಿಸಿದ್ದೇನೆ, ಎಸಿ ಫಿಲ್ಟರ್ ಬದಲಿಸುವುದು ಬಾಕಿ ಇದೆ.