ಗೇರ್ ಸೈಕಲ್ಲನ್ನು ಸಿಂಗಲ್ ಸ್ಪೀಡ್ ಮಾಡಿಸುವವರೇ, ಹಳೇ ಕ್ಯಾಸೆಟ್ಟಿನ ಸ್ಪ್ರಾಕೆಟ್ ಹಾಕಿಸಬೇಡಿ

ಹಳೇ ಎಂಟಿಬಿಯ (ಮೌಂಟನ್ ಬೈಕಿನ) ಗೇರುಗಳನ್ನೆಲ್ಲ ಕಳಚಿ ಸಿಂಗಲ್ ಸ್ಪೀಡ್, ಅಂದರೆ ಒಂದೇ ಗೇರಿನ ಸೈಕಲ್, ಮಾಡಿಸಬೇಕು ಅಂತಿದ್ದರೆ, ಅಂಗಡಿಗೆ ಸೈಕಲ್ ಒಪ್ಪಿಸುವ ಮುಂಚೆ ಇದನ್ನು ಓದಿ. ಕ್ಯಾಸೆಟ್ಟಿನಿಂದ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲಿನಿಂದ) ಒಂದು ಸ್ಪ್ರಾಕೆಟ್ (ಹಲ್ಲುಚಕ್ರ) ಬಿಡಿಸಿ, ಅಕ್ಕಪಕ್ಕ ಪೈಪಿನ ತುಂಡು ತುರುಕಿ, ಕೆಳಗೆ ಚೈನು ಬಿಗಿ ಹಿಡಿಯುವ ಒಂದು ಸ್ಪ್ರಿಂಗ್ ಟೆನ್ಷನರ್ ನೇತುಹಾಕಿ ಕೊಡುವ ಕೆಲಸಕ್ಕೆ ದಯವಿಟ್ಟು ಒಪ್ಪಬೇಡಿ. ಸ್ಟ್ಯಾಂಡ್ ಹಾಕಿ ಪೆಡಲ್ ತಿರುಗಿಸಿದರೆ ಅದು ಚೆನ್ನಾಗೇ ಓಡುತ್ತದೆ. ಏರಿನಲ್ಲಿ ಎದ್ದು ನಿಂತು ತುಳಿದಾಗ ಚೈನು ಜಾರುತ್ತದೆ.

ನನ್ನ ತಮ್ಮ ಬಿದ್ದಿದ್ದು ಹಾಗೆಯೇ. ಮೈಸೂರಿನಲ್ಲಿ, ಚಾಮುಂಡಿ ಬೆಟ್ಟದ ರಸ್ತೆಯ ಒಂದು ತಿರುವಿನಲ್ಲಿ ಸೀಟು ಬಿಟ್ಟು ಎದ್ದು ಬಲಗಾಲಿಗೆ ಪೂರ್ತಿ ಭಾರ ಹಾಕಿದ್ದ. 'ಟಕ್' ಅಂತ ಚೈನು ಹಲ್ಲು ಹಾರಿತು, ಕಾಲು ಪೆಡಲ್ಲಿನಿಂದ ಜಾರಿ ಎದೆ ಹ್ಯಾಂಡಲ್ಲಿಗೆ ಬಡಿಯಿತು, ರಸ್ತೆಗೆ ಬಿದ್ದು ಮೊಣಕಾಲಿನ ಚರ್ಮ ಕಿತ್ತುಬಂತು. ಹಿಂದೆ ಬರುತ್ತಿದ್ದ ಬಸ್ಸಿನ ಡ್ರೈವರ್ ಸಮಯಕ್ಕೆ ಸರಿಯಾಗಿ ಬ್ರೇಕ್ ಒತ್ತಿದರು. ಅವರಿಗೆ ನಮ್ಮ ಮನೆಯವರೆಲ್ಲ ಋಣಿ.

ಚೈನು ಜಾರುತ್ತಿದೆ ಅಂತ ಅದಕ್ಕೆ ಮುಂಚೆಯೇ ಅಂಗಡಿಗೆ ಹೋಗಿ ಹೇಳಿದ್ದೆವು. "ಹೊಸ ಚೈನಲ್ವಾ ಸಾರ್, ನಾಲ್ಕು ದಿನ ಓಡಿಸ್ಲಿ, ಸೆಟ್ ಆಗುತ್ತೆ" ಅಂದರು. ಮತ್ತೆ ಹೋದಾಗ ಟೆನ್ಷನರ್ ಸ್ಪ್ರಿಂಗನ್ನು ಇನ್ನಷ್ಟು ಬಿಗಿ ಮಾಡಿ ಕಳಿಸಿದರು. ಎರಡೂ ಪರಿಹಾರವಲ್ಲ.

ಅವನು ಬಿದ್ದ ಮೇಲೆ ಹಿಂದಿನ ಚಕ್ರ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದೆ. ಹಳೇ 8 ಸ್ಪೀಡ್ ಕ್ಯಾಸೆಟ್ಟಿನ 18 ಹಲ್ಲಿನ ಸ್ಪ್ರಾಕೆಟ್. ಹಲ್ಲುಗಳೆಲ್ಲ ಒಂದೇ ಎತ್ತರಕ್ಕಿಲ್ಲ; ಕೆಲವು ಗಿಡ್ಡ, ಕೆಲವು ಪಕ್ಕಕ್ಕೆ ತುಸು ತಿರುಚಿಕೊಂಡಿವೆ, ಮಗ್ಗುಲಲ್ಲಿ ಇಳಿಜಾರಾಗಿ ಕೆತ್ತಿದೆ. ಇದು ದೋಷವಲ್ಲ. ಶಿಮಾನೋ ಕಂಪನಿ 1980ರ ದಶಕದ ಕೊನೆಗೆ ಹೈಪರ್‌ಗ್ಲೈಡ್ ಎಂಬ ಹಲ್ಲಿನ ವಿನ್ಯಾಸ ತಂದ ಮೇಲೆ ಕ್ಯಾಸೆಟ್ಟುಗಳ ಹಲ್ಲು ಹೀಗೇ ಇರುತ್ತವೆ. ಚೈನು ಒಂದು ಗೇರಿನಿಂದ ಇನ್ನೊಂದಕ್ಕೆ ಸಲೀಸಾಗಿ ಹತ್ತಿ ಇಳಿಯಲಿ ಅಂತ. ಚೈನನ್ನು ಬಿಟ್ಟುಕೊಡಲೆಂದೇ ಮಾಡಿದ ಹಲ್ಲನ್ನು ಒಂಟಿಯಾಗಿ ಕೂರಿಸಿ, ಏನೇ ಆದರೂ ಚೈನು ಬಿಡಬೇಡ ಅಂದರೆ ಅದು ಕೇಳೀತೇ?

ಅದರ ಮೇಲೆ ಸವೆತ ಬೇರೆ. ಹಲ್ಲುಗಳ ಒಂದು ಮಗ್ಗುಲು ಕೊಕ್ಕೆಯ ಹಾಗೆ ಬಾಗಿತ್ತು. ಸವೆದು ಉದ್ದವಾದ ಹಳೇ ಚೈನು ಅದರೊಂದಿಗೆ ಹೇಗೋ ಓಡುತ್ತಿತ್ತು. ಹೊಸ ಚೈನಿನ ರೋಲರುಗಳು ಅಂಥ ಹಲ್ಲಿನ ಬುಡಕ್ಕೆ ಕೂರದೆ ತುದಿಗೆ ಹತ್ತುತ್ತವೆ. ನಾಲ್ಕು ದಿನ ಓಡಿಸಿದರೆ 'ಸೆಟ್' ಆಗುವುದಿಲ್ಲ, ಹೊಸ ಚೈನೂ ಹಾಳಾಗುತ್ತದೆ. ಅಳೆಯುವುದು ಸುಲಭ: ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಸೇರಿ ಸರಿಯಾಗಿ 12 ಇಂಚು ಬರಬೇಕು. ಒಂದೂವರೆ ಮಿಲಿಮೀಟರ್ ಹೆಚ್ಚಿದ್ದರೆ ಚೈನು ಬದಲಿಸಿ. 3 ಮಿಲಿಮೀಟರ್ ದಾಟಿದ್ದರೆ, ಅದು ಓಡಿದ ಸ್ಪ್ರಾಕೆಟ್ಟೂ ಹೋಯಿತು ಅಂತಲೇ ತಿಳಿಯಿರಿ.

ಇಲ್ಲಿ ಬೀಳುವ ಎಳೆತವೂ ಸಣ್ಣದಲ್ಲ. 70 ಕೆ.ಜಿ. ತೂಕದವರು 170 ಮಿ.ಮೀ. ಕ್ರ್ಯಾಂಕ್ (ಪೆಡಲ್ಲಿನ ತೋಳು) ಮೇಲೆ ಎದ್ದು ನಿಂತರೆ, ಮುಂದೆ ಪೆಡಲ್ ಪಕ್ಕದಲ್ಲಿ 32 ಹಲ್ಲಿನ ರಿಂಗ್ (ಹಲ್ಲುಚಕ್ರ) ಇದ್ದಾಗ, ಚೈನಿನ ಮೇಲೆ 180 ಕೆ.ಜಿ.ಗೂ ಹೆಚ್ಚಿನ ಎಳೆತ ಬೀಳುತ್ತದೆ. ಆ ಎಳೆತವೆಲ್ಲ ಚೈನಿನ ಮೇಲಿನ ಭಾಗದಲ್ಲಿ. ಟೆನ್ಷನರ್ ಇರುವುದು ಸಡಿಲವಾದ ಕೆಳಭಾಗದಲ್ಲಿ. ನಮ್ಮದರಲ್ಲಿ ಅದು ಚೈನನ್ನು ಕೆಳಕ್ಕೆ ಒತ್ತುತ್ತಿತ್ತು, ಅಂದರೆ ಚೈನು ಸ್ಪ್ರಾಕೆಟ್ಟನ್ನು ತಬ್ಬುವ ಹಲ್ಲುಗಳು ಇನ್ನೂ ಕಡಿಮೆಯಾಗಿದ್ದವು. ಸ್ಪ್ರಿಂಗ್ ಬಿಗಿ ಮಾಡಿದಷ್ಟೂ ಜಾರುವುದು ಹೆಚ್ಚುತ್ತದೆ! ಮೇಲಕ್ಕೆ ಒತ್ತುವ ಟೆನ್ಷನರ್ ಕೇಳಿ ಹಾಕಿಸಿ. ಹೀರೋ, ಅಟ್ಲಾಸ್‌ನಂಥ ಮಾಮೂಲಿ ಸೈಕಲ್ಲಿನಲ್ಲಿ ಚಕ್ರ ಕೂರುವ ಸೀಳು ಅಡ್ಡಕ್ಕಿರುವುದರಿಂದ ಚಕ್ರವನ್ನೇ ಹಿಂದಕ್ಕೆಳೆದು ಚೈನು ಬಿಗಿ ಮಾಡಬಹುದು. ಗೇರ್ ಸೈಕಲ್ಲುಗಳಲ್ಲಿ ಸೀಳು ಸಾಮಾನ್ಯವಾಗಿ ಕೆಳಮುಖ. ಹಾಗಾಗಿ ಟೆನ್ಷನರ್ ಬೇಕೇಬೇಕಾಗುತ್ತದೆ.

ಇನ್ನು ಆ ಪಿವಿಸಿ ಪೈಪಿನ ತುಂಡುಗಳು. ಗರಗಸದಲ್ಲಿ ಸೊಟ್ಟಗೆ ಕೊಯ್ದಿದ್ದರು. ಎಲ್ಲವನ್ನೂ ಬಿಗಿದಿಡುವ ಲಾಕ್‌ರಿಂಗ್ ಪೂರ್ತಿ ತಿರುಗಿಸಿದ್ದರೂ ಸ್ಪ್ರಾಕೆಟ್ ಹೆಬ್ಬೆರಳಲ್ಲಿ ಒತ್ತಿದರೆ ಅಲ್ಲಾಡುತ್ತಿತ್ತು. ತುಂಡುಗಳ ಒಟ್ಟು ಅಗಲ ಸಾಕಾಗದೆ ಲಾಕ್‌ರಿಂಗಿಗೆ ಹಿಡಿಯಲು ಏನೂ ಸಿಕ್ಕಿರಲಿಲ್ಲ. ಅದಕ್ಕೆ 40 ನ್ಯೂಟನ್ ಮೀಟರ್ ಬಿಗಿತ ಬೇಕು. ಮುಂದಿನ ರಿಂಗಿಗೂ ಸ್ಪ್ರಾಕೆಟ್ಟಿಗೂ ಚೈನು ನೇರವಾಗಿರಲಿಲ್ಲ, ಕಣ್ಣಿಗೇ ಕಾಣುವಷ್ಟು ಓರೆ. ಮುಂದೆ ಫ್ರೇಮಿನ ನಡುವಿನಿಂದ ರಿಂಗ್ 50 ಮಿ.ಮೀ. ದೂರ ಇದ್ದರೆ ಹಿಂದೆಯೂ 50 ಇರಬೇಕು. 135 ಮಿ.ಮೀ. ಅಗಲದ ಹಬ್ಬಿನ (ಚಕ್ರದ ನಡುವಿನ ಭಾಗದ) ಅರ್ಧ 67.5, ಅಂದರೆ ಫ್ರೇಮಿನ ಒಳಮೈಯಿಂದ ಸ್ಪ್ರಾಕೆಟ್ 17.5 ಮಿ.ಮೀ. ಒಳಗೆ ಕೂರಬೇಕು.

ಕೊನೆಗೆ ಸಿಂಗಲ್ ಸ್ಪೀಡಿಗೆಂದೇ ಮಾಡಿದ, ಎಲ್ಲ ಹಲ್ಲೂ ಎತ್ತರವಾಗಿ ಸಮನಾಗಿರುವ, ಬುಡ ದಪ್ಪಗಿರುವ ಸ್ಪ್ರಾಕೆಟ್, ಪೈಪಿನ ತುಂಡಿನ ಬದಲು ಅಳತೆಯ ಸ್ಪೇಸರ್ ಸೆಟ್, ಮೇಲಕ್ಕೆ ಒತ್ತುವ ಟೆನ್ಷನರ್ ಮತ್ತು ಇನ್ನೊಂದು ಹೊಸ ಚೈನು ತರಿಸಿ ಬೇರೆ ಮೆಕ್ಯಾನಿಕ್ ಹತ್ತಿರ ಹಾಕಿಸಿದೆವು. ಜಾರುವುದು ನಿಂತಿತು. ಬುಡ ದಪ್ಪ ಇರಲೇಬೇಕು, ತೆಳ್ಳನೆಯ ಸ್ಪ್ರಾಕೆಟ್ ತಾನು ಕೂರುವ ಹಬ್ಬಿನ ಭಾಗವಾದ ಅಲ್ಯೂಮಿನಿಯಂ ಫ್ರೀಹಬ್ಬನ್ನು ಕೊರೆಯುತ್ತದೆ. ನಿಮ್ಮದು ಕ್ಯಾಸೆಟ್ ಅಲ್ಲದೆ ತಿರುಪಿ ಕೂರಿಸುವ ಫ್ರೀವೀಲ್ ಆಗಿದ್ದರೆ ಬಿಎಂಎಕ್ಸ್ ಸೈಕಲ್ಲಿನ ಒಂಟಿ ಫ್ರೀವೀಲ್ ಅದೇ ಥ್ರೆಡ್ಡಿಗೆ ಕೂರುತ್ತದೆ. ಆದರೆ ಚೈನು ನೇರ ಬರಲು ಆಕ್ಸಲ್ಲಿನ ವಾಷರ್ ಬದಲಿಸಿ ಕಡ್ಡಿಗಳನ್ನು ಮತ್ತೆ ಎಳೆಸಬೇಕಾಗಬಹುದು.

ಜಾರುವಿಕೆ ಎಲ್ಲಿಂದ ಅಂತಲೂ ಮೊದಲು ಗುರುತಿಸಿ. ಪೆಡಲ್ ಸುಮಾರು ಮೂರು ಸುತ್ತಿಗೊಮ್ಮೆ ತಪ್ಪದೆ ಎಗರಿದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ. ಚೈನಿಗೂ ಹಲ್ಲಿಗೂ ಸೀಮೆಸುಣ್ಣದ ಗುರುತು ಹಾಕಿ. ಗುರುತು ಕೂಡಿಕೊಂಡೇ ಇದ್ದು ಪೆಡಲ್ ಕುಸಿದರೆ ದೋಷ ಫ್ರೀಹಬ್ಬಿನ ಒಳಗಿದೆ, ಸ್ಪ್ರಾಕೆಟ್ ಬದಲಿಸಿ ಫಲವಿಲ್ಲ.

ಅಂಗಡಿಯಿಂದ ಹೊರಡುವ ಮುಂಚೆ, ಅಲ್ಲೇ, ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು, ಮುಂದಿನ ಚಕ್ರ ಗೋಡೆಗೆ ಒತ್ತಿ, ಪೆಡಲ್ ಮೇಲೆ ಮೈಭಾರ ಹಾಕಿ ನೋಡಿ. ಚಕ್ರ ಸ್ವಲ್ಪ ತಿರುಗಿಸಿ ಬೇರೆ ಬೇರೆ ಹಲ್ಲುಗಳ ಮೇಲೂ ಹಾಗೆಯೇ ಮಾಡಿ. ಒಮ್ಮೆ 'ಟಕ್' ಅಂದರೂ ಸೈಕಲ್ ಅಲ್ಲೇ ಬಿಟ್ಟು ಬನ್ನಿ. ಅನ್ನದಿದ್ದರೆ, ವಾಹನ ಓಡಾಡದ ಸಣ್ಣ ಏರಿನಲ್ಲಿ ಮೊದಲು ಕೂತೇ ತುಳಿದು ನೋಡಿ, ಎದ್ದು ನಿಲ್ಲುವುದು ಆಮೇಲೆ.