10 ರೂಪಾಯಿ ಕಟ್ಟುವ ಮುನ್ನ: ಕೇಂದ್ರ ಮತ್ತು ಕರ್ನಾಟಕದ ಆರ್‌ಟಿಐ ಪೋರ್ಟಲ್‌ಗಳ ವಿಮರ್ಶೆ

ಕೇಂದ್ರ ಸರ್ಕಾರದ ಮಾಹಿತಿ ಹಕ್ಕು (ಆರ್‌ಟಿಐ) ಆನ್‌ಲೈನ್ ಪೋರ್ಟಲ್ ಬಳಸಲು ಸುಲಭ. ಶುಲ್ಕ 10 ರೂಪಾಯಿ, ಮೊದಲ ಮೇಲ್ಮನವಿ ಉಚಿತ. ಆದರೆ ಅದರೊಳಗೊಂದು ಗೋಡೆಯಿದೆ: ರಾಜ್ಯ ಸರ್ಕಾರದ ಕಚೇರಿಗೆ ಹೋಗಬೇಕಾದ ಅರ್ಜಿಯನ್ನು ಇಲ್ಲಿ ಹಾಕಿದರೆ ಅರ್ಜಿ ವಾಪಸು ಬರುತ್ತದೆ, ದುಡ್ಡು ಬರುವುದಿಲ್ಲ. ಸೂಚನೆಗಳ ಪುಟದಲ್ಲಿ ಇದನ್ನು ಬರೆದಿದ್ದಾರೆ. ಅದನ್ನು ಓದದೆ ಟಿಕ್ ಒತ್ತಿ ಮುಂದೆ ಹೋದವರಿಗೆ ಇದು ಗೊತ್ತಾಗುವುದು ಅರ್ಜಿ ಮರಳಿದ ಮೇಲೆಯೇ. ಹತ್ತು ರೂಪಾಯಿ ಹೋದರೆ ಹೋಗಲಿ, ಕಳೆದ ದಿನಗಳು ಸಿಗುವುದಿಲ್ಲ.

2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಈ ಗೋಡೆ ಇಲ್ಲ. ತಪ್ಪು ಕಚೇರಿಗೆ ಬಂದ ಅರ್ಜಿಯನ್ನು 5 ದಿನದೊಳಗೆ ಸರಿಯಾದ ಸಾರ್ವಜನಿಕ ಪ್ರಾಧಿಕಾರಕ್ಕೆ ವರ್ಗಾಯಿಸಬೇಕು ಎನ್ನುವ 6(3)ನೇ ಕಲಂ ಕೇಂದ್ರ, ರಾಜ್ಯ ಎಂದು ಭೇದ ಮಾಡಿಲ್ಲ. ಭೇದ ಮಾಡಿದ್ದು ಕೇಂದ್ರ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ 2008ರ ಜೂನ್ ತಿಂಗಳ ಸುತ್ತೋಲೆ. ವಿಷಯ ರಾಜ್ಯದ್ದಾದರೆ ಅರ್ಜಿದಾರರಿಗೆ ತಿಳಿಸಿದರೆ ಸಾಕು, ಅರ್ಜಿಯನ್ನು ಕಳಿಸಿಕೊಡಬೇಕಿಲ್ಲ ಎಂದಿತು ಅದು. ಪೋರ್ಟಲ್ ಅದೇ ದಾರಿ ಹಿಡಿದಿದೆ. ಒಂದು ಕೇಂದ್ರ ಇಲಾಖೆಯಿಂದ ಇನ್ನೊಂದಕ್ಕೆ ಅರ್ಜಿ ಸಲೀಸಾಗಿ ಸಾಗುತ್ತದೆ, ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆ. ಈ ಸೇವೆಯ ದೊಡ್ಡ ದೋಷ ಇದೇ. ಯಾವ ಅಧಿಕಾರ ಯಾರದ್ದು ಎಂದು ಬಿಡಿಸುವ ಕೆಲಸ ಸರ್ಕಾರದ್ದಾಗಬೇಕಿತ್ತು, ಅದು ಅರ್ಜಿದಾರರ ಹೆಗಲಿಗೆ ಬಿದ್ದಿದೆ.

ಬಿಡಿಸುವುದಾದರೂ ಹೇಗೆ? ಯಾವ ವಿಷಯ ಕೇಂದ್ರದ್ದು, ಯಾವುದು ರಾಜ್ಯದ್ದು ಎಂದು ಪಟ್ಟಿ ಮಾಡಿರುವ ಸಂವಿಧಾನದ ಏಳನೇ ಅನುಸೂಚಿಯಿಂದ ಶುರು ಮಾಡಬಹುದು. ರೈಲು, ಅಂಚೆ, ಪಾಸ್‌ಪೋರ್ಟ್ ಕೇಂದ್ರ ಪಟ್ಟಿಯವು. ಪೊಲೀಸ್, ಭೂಮಿ, ಸಾರ್ವಜನಿಕ ಆರೋಗ್ಯ, ಸ್ಥಳೀಯ ಸಂಸ್ಥೆಗಳು ರಾಜ್ಯದವು. ಇಷ್ಟರಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಕೇಂದ್ರ, ರಾಜ್ಯ ಎರಡೂ ಶಾಸನ ಮಾಡಬಲ್ಲ ಸಮವರ್ತಿ ಪಟ್ಟಿಯಲ್ಲಿ: ವಿದ್ಯುತ್, ಮೋಟಾರು ವಾಹನ, 1976ರ 42ನೇ ತಿದ್ದುಪಡಿಯಲ್ಲಿ ರಾಜ್ಯ ಪಟ್ಟಿಯಿಂದ ಅಲ್ಲಿಗೆ ಹೋದ ಶಿಕ್ಷಣ ಮತ್ತು ಅರಣ್ಯ. ಕಾಯಿದೆ ಸಂಸತ್ತಿನದು, ಹಾಗಾಗಿ ಕಡತವೂ ದೆಹಲಿಯಲ್ಲೇ ಇರಬೇಕು ಎಂದು ಅಂದುಕೊಂಡುಬಿಡುತ್ತೇವೆ. ಹಾಗಿಲ್ಲ. ರಾಜ್ಯವೂ ಶಾಸನ ಮಾಡಬಲ್ಲ ವಿಷಯದಲ್ಲಿ, ಸಂವಿಧಾನವೋ ಸಂಸತ್ತಿನ ಕಾಯಿದೆಯೋ ಸ್ಪಷ್ಟವಾಗಿ ಹೇಳದ ಹೊರತು, ಕೇಂದ್ರದ ಕಾರ್ಯಾಂಗಕ್ಕೆ ರಾಜ್ಯದೊಳಗೆ ಅಧಿಕಾರವಿಲ್ಲ ಎಂದು 73ನೇ ವಿಧಿ ಕಟ್ಟುಹಾಕಿದೆ. 1988ರ ಮೋಟಾರು ವಾಹನ ಕಾಯಿದೆ ಸಂಸತ್ತು ಮಾಡಿದ್ದು, ಆದರೆ ಲೈಸೆನ್ಸ್ ಕಡತ ಇರುವುದು ರಾಜ್ಯ ಸಾರಿಗೆ ಇಲಾಖೆಯ ಆರ್‌ಟಿಓ ಕಚೇರಿಯಲ್ಲಿ. 2013ರ ಆಹಾರ ಭದ್ರತಾ ಕಾಯಿದೆಯೂ ಸಂಸತ್ತಿನದೇ. ರೇಷನ್ ಕಾರ್ಡ್ ರದ್ದಾದ ಕಾರಣ ಕೇಳಬೇಕಾದ್ದು ಮಾತ್ರ ರಾಜ್ಯದ ಆಹಾರ ಇಲಾಖೆಯನ್ನು.

ಆದ್ದರಿಂದ ಕಾಯಿದೆ ಯಾರದು ಎಂದು ನೋಡಬೇಡಿ, ಕಚೇರಿ ಯಾರದು ಎಂದು ನೋಡಿ. ಆರ್‌ಟಿಐ ಕಾಯಿದೆಯ 2(ಎ) ಕಲಂ ಕೇಳುವುದೂ ಅದನ್ನೇ: ಸಂಸ್ಥೆಯನ್ನು ಸ್ಥಾಪಿಸಿದವರು, ನಿಯಂತ್ರಿಸುವವರು, ಗಣನೀಯವಾಗಿ ಹಣ ಕೊಡುವವರು ಯಾರು? ಒಂದೇ ಬೀದಿಯ ಕೇಂದ್ರೀಯ ವಿದ್ಯಾಲಯ ಮತ್ತು ಸರ್ಕಾರಿ ಪ್ರೌಢಶಾಲೆಗೆ ಬೇರೆ ಬೇರೆ ಪೋರ್ಟಲ್ ಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ಇನ್ನೂ ಎಚ್ಚರ ಬೇಕು: ಕೆಲವು ಭಾಗ ಹೆದ್ದಾರಿ ಪ್ರಾಧಿಕಾರದ ಕೈಲಿದ್ದರೆ, ಇನ್ನು ಕೆಲವನ್ನು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗ ನೋಡಿಕೊಳ್ಳುತ್ತದೆ. ಪಾಸ್‌ಪೋರ್ಟ್ ತಡವಾದರೆ ಪಾಸ್‌ಪೋರ್ಟ್ ಕಚೇರಿಗೊಂದು, ಪೊಲೀಸ್ ಪರಿಶೀಲನೆಯ ಬಗ್ಗೆ ರಾಜ್ಯಕ್ಕೊಂದು, ಹೀಗೆ ಎರಡು ಅರ್ಜಿ ಒಟ್ಟಿಗೇ ಹಾಕುವುದು ಲೇಸು. ಖರ್ಚು 20 ರೂಪಾಯಿ.

ಇನ್ನು ಫಾರಂ. ಕೇಂದ್ರದ ಪೋರ್ಟಲ್‌ನಲ್ಲಿ ಅರ್ಜಿಯ ಪಠ್ಯಕ್ಕೆ 3000 ಅಕ್ಷರಗಳ ಮಿತಿಯಿದೆ. ಅದನ್ನು ಮೀರಿದರೆ ಪಿಡಿಎಫ್ ಲಗತ್ತಿಸಬೇಕು, ಕಡತದ ಹೆಸರಿನಲ್ಲಿ ಖಾಲಿ ಜಾಗ ಇರಕೂಡದು. ಹಣ ಕಡಿತವಾಗಿಯೂ ನೋಂದಣಿ ಸಂಖ್ಯೆ ಬರದಿದ್ದರೆ ಮತ್ತೆ ಕಟ್ಟಬೇಡಿ. ಬ್ಯಾಂಕ್ ಲೆಕ್ಕ ತಾಳೆಯಾಗಲು 24ರಿಂದ 48 ಗಂಟೆ ಬೇಕಾಗುತ್ತದೆ, ಆಮೇಲೆ ಸಂಖ್ಯೆ ಬರುತ್ತದೆ. ಪೋರ್ಟಲ್ ಇರುವುದು ಹಿಂದಿ, ಇಂಗ್ಲಿಷ್‌ಗಳಲ್ಲಿ. ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲೂ ಬರೆಯಬಹುದು ಎಂದು 6(1)ನೇ ಕಲಂ ಕೊಟ್ಟ ಹಕ್ಕಿಗೆ ಇಲ್ಲಿ ಜಾಗ ಸಿಕ್ಕಿಲ್ಲ. ಕನ್ನಡದಲ್ಲಿ ಬರೆಯುವವರು ಪಿಡಿಎಫ್ ಮೊರೆ ಹೋಗಬೇಕು. ಇದು ಸಣ್ಣ ಕೊರತೆಯಲ್ಲ.

ಕರ್ನಾಟಕದ ಪೋರ್ಟಲ್‌ಗೂ ಶುಲ್ಕ 10 ರೂಪಾಯಿಯೇ. ನಿಯಮ ಮಾತ್ರ ಬಿಗಿ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಕೇಂದ್ರದ 2012ರ ನಿಯಮದಲ್ಲಿ ಈ ಮಿತಿ 500 ಪದ. ಕಾಯಿದೆ ಒಂದೇ ಆದರೂ ನಿಯಮ ಮಾಡುವ ಅಧಿಕಾರವನ್ನು 27ನೇ ಕಲಂ ಆಯಾ ಸರ್ಕಾರಕ್ಕೆ ಬಿಟ್ಟಿರುವುದರಿಂದ ಈ ವ್ಯತ್ಯಾಸ. 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯಿದೆ ಮಾಡಿದ್ದ ರಾಜ್ಯ ಈ ಅಧಿಕಾರವನ್ನು ಪದ ಎಣಿಸಲು ಬಳಸಿರುವುದು ಬೇಸರದ ಸಂಗತಿ. ಪೀಠಿಕೆ ಬಿಟ್ಟು, ಬೇಕಾದ ದಾಖಲೆಯ ಹೆಸರು, ಕಡತ ಸಂಖ್ಯೆ, ಅವಧಿ ಇಷ್ಟನ್ನೇ ಬರೆಯಿರಿ. ಎರಡನೇ ವಿಷಯವಿದ್ದರೆ ಎರಡನೇ ಅರ್ಜಿ ಹಾಕಿ.

ಉತ್ತರಕ್ಕೆ ಎರಡೂ ಕಡೆ 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಆ ಆದೇಶದಿಂದ 90 ದಿನದೊಳಗೆ ಎರಡನೆಯದು. ಎರಡನೆಯದರಲ್ಲಿ ದಾರಿ ಮತ್ತೆ ಕವಲೊಡೆಯುತ್ತದೆ: ಕೇಂದ್ರದ ವಿಷಯ ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ, ರಾಜ್ಯದ್ದು ಬೆಂಗಳೂರಿನ ಕರ್ನಾಟಕ ಮಾಹಿತಿ ಆಯೋಗಕ್ಕೆ. ರಾಜ್ಯದ ಆಯುಕ್ತರನ್ನು ರಾಜ್ಯಪಾಲರೇ ನೇಮಿಸಿದರೂ, 2019ರ ತಿದ್ದುಪಡಿಯ ನಂತರ ಅವರ ಅವಧಿ ಮತ್ತು ಸಂಬಳವನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರ. ಅರ್ಜಿಯನ್ನು ಗಡಿಯಾಚೆ ಕಳಿಸಲು ಒಪ್ಪದ ದೆಹಲಿ ಈ ಅಧಿಕಾರವನ್ನು ಮಾತ್ರ ಗಡಿ ದಾಟಿಸಿಕೊಂಡಿರುವುದು ನ್ಯಾಯವಲ್ಲ.