ಮೇನ್ ಸ್ವಿಚ್ ಬಂದ್ ಮಾಡಿದರೂ ಕರೆಂಟ್ ಇರುವ ಮನೆ: ಕೊಳ್ಳುವ ಮೊದಲು ನೋಡಿಕೊಳ್ಳಿ

ಕಲಬುರಗಿಯ ಸೇಡಂ ರಸ್ತೆಯ ಕಡೆ ನಾವು ಕಳೆದ ವರ್ಷ ಒಂದು ಹಳೆಯ ಮನೆ ಕೊಂಡೆವು. ಖಾತಾ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿಗಳನ್ನು ವಕೀಲರಿಗೆ ತೋರಿಸಿದೆವು. ಗೋಡೆಯ ಬಿರುಕು, ಬೋರ್‌ವೆಲ್ ನೀರು, ಶಹಾಬಾದ್ ಕಲ್ಲಿನ ನೆಲವನ್ನು ಎರಡೆರಡು ಸಲ ನೋಡಿದೆವು. ಆದರೆ ಈ ಮನೆಗೆ ಎಷ್ಟು ಕಡೆಯಿಂದ ವಿದ್ಯುತ್ ಬರುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಆ ಒಂದು ಮರೆವಿನಿಂದ ಒಬ್ಬ ಲೈನ್‌ಮ್ಯಾನ್‌ನ ಜೀವಕ್ಕೆ ಅಪಾಯವಾಗುವುದರಲ್ಲಿತ್ತು.

ಮಾಳಿಗೆಯ ಮೇಲೆ ಸೋಲಾರ್, ಮೆಟ್ಟಿಲ ಕೆಳಗೆ ಇನ್ವರ್ಟರ್, ಹಿತ್ತಿಲಲ್ಲಿ ಪೆಟ್ರೋಲ್ ಜನರೇಟರ್ ಇರುವುದನ್ನು ನೋಡಿ ನಮಗೆ ಸಂತೋಷವೇ ಆಗಿತ್ತು. ಮನೆ ಮಾರಿದವರು ಗೋಡೆಯ ಮೊಳೆಗೆ ಸುತ್ತಿ ಹಾಕಿದ್ದ ದಪ್ಪ ವೈರನ್ನು ತೋರಿಸಿ, "ಮೇನ್ ಬಂದ್ ಮಾಡಿ ಇದನ್ನ ಸಾಕೆಟ್‌ಗೆ ಹಾಕಿದ್ರ ಸಾಕ್ರಿ, ಮನಿತುಂಬಾ ಲೈಟ್ ಬರ್ತಾವ" ಎಂದಿದ್ದರು. ಆ ವೈರಿನ ಎರಡೂ ತುದಿಗೆ ಮೂರು ಪಿನ್ನಿನ ಪ್ಲಗ್ ಇತ್ತು. ಒಂದು ತುದಿಯನ್ನು ಚಾಲೂ ಇರುವ ಜನರೇಟರಿಗೆ ಸಿಕ್ಕಿಸಿದರೆ ಇನ್ನೊಂದು ತುದಿಯ ಬರಿಯ ಹಿತ್ತಾಳೆ ಪಿನ್ನುಗಳಲ್ಲಿ 230 ವೋಲ್ಟ್ ಇರುತ್ತದೆ ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಮನೆಯ ಮುಂದಿನ ಕಂಬದಲ್ಲಿ ಜಂಪರ್ (ತಂತಿಗಳನ್ನು ಜೋಡಿಸುವ ತುಂಡು ವೈರ್) ಸುಟ್ಟು ಕರೆಂಟ್ ಹೋಯಿತು. ಉರಿ ಬಿಸಿಲಿಗೆ ಅವ್ವ ಸುಸ್ತಾಗಿದ್ದರಿಂದ ತಮ್ಮ ಅವಸರದಲ್ಲಿ ಜನರೇಟರ್ ಹಚ್ಚಿ ವೈರ್ ಹಾಕಿದ. ಮೇನ್ ಸ್ವಿಚ್ ಬಂದ್ ಮಾಡುವುದನ್ನು ಮರೆತ. ಸ್ವಲ್ಪ ಹೊತ್ತಿಗೆ ಲೈನ್‌ಮ್ಯಾನ್ ಬಾಗಿಲು ಬಡಿದು, "ಅಣ್ಣಾರ, ಜನರೇಟರ್ ಹಚ್ಚೀರೇನ್ರಿ? ಕಂಬದ ಮ್ಯಾಲ ನಿಮ್ಮ ವೈರಿನಾಗ ಕರೆಂಟ್ ಅದ" ಎಂದರು. ಅವರು ಟಿಸಿಯಲ್ಲಿ (ಬೀದಿಯ ಟ್ರಾನ್ಸ್‌ಫಾರ್ಮರಿನಲ್ಲಿ) ಫ್ಯೂಸ್ ತೆಗೆದು ಕಂಬ ಏರಿದ್ದರು, ಆದರೂ ಕೈ ಹಚ್ಚುವ ಮೊದಲು ಟೆಸ್ಟರ್ ಇಟ್ಟು ನೋಡಿದ್ದರು. ಅವರು ಬದುಕಿ ಉಳಿದದ್ದು ಅದರಿಂದ.

ಮೇನ್ ಬಂದ್ ಮಾಡದಿದ್ದರೆ ಜನರೇಟರಿನ ಕರೆಂಟ್ ಮೀಟರ್ ದಾಟಿ ಬೀದಿಯ ತಂತಿಗೆ ಹೋಗುತ್ತದೆ. ಟಿಸಿ ಜೋಡಣೆಯಲ್ಲಿದ್ದರೆ ಅದು ಹಿಂದುಮುಂದಾಗಿ ಕೆಲಸ ಮಾಡಿ ಆಚೆಯ ಲೈನಿನಲ್ಲಿ 11,000 ವೋಲ್ಟಿನವರೆಗೂ ಏರಿಸಬಲ್ಲದು. ಆದ್ದರಿಂದ ಜನರೇಟರ್ ಇರುವ ಮನೆಯಲ್ಲಿ ಮೊದಲು ಹುಡುಕಬೇಕಾದದ್ದು ಚೇಂಜ್ ಓವರ್ ಸ್ವಿಚ್. ಅದರ ಹಿಡಿಕೆ ಲೈನ್ ಇಲ್ಲವೇ ಜನರೇಟರ್, ಯಾವುದಾದರೂ ಒಂದು ಕಡೆಗಿದ್ದಾಗ ಇನ್ನೊಂದು ಕಡೆಯ ಸಂಪರ್ಕ ತಾನಾಗಿಯೇ ಕಡಿದಿರುತ್ತದೆ. ಮನುಷ್ಯನ ನೆನಪಿನ ಮೇಲೆ ಏನನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ಜನರೇಟರ್ ಇಟ್ಟಿದ್ದ ಜಾಗವೂ ಮಲಗುವ ಕೋಣೆಯ ಕಿಟಕಿಯ ಕೆಳಗೇ ಇತ್ತು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ.

ಮರುದಿನ ಪರಿಚಯದ ಎಲೆಕ್ಟ್ರಿಷಿಯನ್ ಬಂದು ಇಡೀ ಮನೆ ಪರೀಕ್ಷಿಸಿದರು. ಮೇನ್ ಬಂದ್ ಮಾಡಿದಾಗ ಹಾಲ್‌ನ ಎರಡು ದೀಪ ಉರಿಯುತ್ತಲೇ ಇದ್ದವು. ಅವು ಬ್ಯಾಟರಿ ಇನ್ವರ್ಟರಿನ ಲೈನಿನಲ್ಲಿದ್ದವು. ಸೋಲಾರಿನದು ಇನ್ನೂ ಕೆಟ್ಟ ಸ್ಥಿತಿ. ಎಂಟು ಫಲಕಗಳನ್ನು ಸಾಲಾಗಿ ಜೋಡಿಸಿ ಇಳಿಸಿದ್ದ ವೈರಿನಲ್ಲಿ ಸುಮಾರು 300 ವೋಲ್ಟ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಇತ್ತು, ನಡುವೆ ಐಸೊಲೇಟರ್ (ಸಂಪರ್ಕ ಕಡಿಯುವ ಸ್ವಿಚ್) ಇರಲಿಲ್ಲ, ಒಂದು ಕಡೆ ಬರೀ ಟೇಪ್ ಸುತ್ತಿದ್ದರು, ಅದೂ ಬಿಸಿಲಿಗೆ ಒಣಗಿ ಎದ್ದಿತ್ತು. ಬಿಸಿಲಿರುವ ತನಕ ಆ ವೈರನ್ನು ಯಾವ ಮೇನ್ ಸ್ವಿಚ್ಚೂ ಬಂದ್ ಮಾಡಲಾರದು. ಲೈನಿನಿಂದ ಬರುವ ಎಸಿ ಕರೆಂಟ್ ದಿಕ್ಕು ಬದಲಿಸುತ್ತಾ ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ಆರುವುದು ಸುಲಭ. ಡಿಸಿ ಕಿಡಿ ಒಮ್ಮೆ ಹೊತ್ತಿದರೆ ನಿಲ್ಲದೆ ಉರಿದು ಬೆಂಕಿ ಹಚ್ಚುತ್ತದೆ.

"ಸೋಲಾರ್ ಇದೆ" ಎಂಬ ಮಾತನ್ನೂ ಹಾಗೆಯೇ ನಂಬಬೇಡಿ. ಗಾಜಿನ ನಳಿಗೆಗಳು, ಮೇಲೊಂದು ಟ್ಯಾಂಕು ಇದ್ದರೆ ಅದು ಬಿಸಿನೀರಿಗೆ ಮಾತ್ರ. ಚಪ್ಪಟೆ ಫಲಕಗಳಿದ್ದರೆ ಅವುಗಳ ವೈರನ್ನು ಕೆಳಗಿನವರೆಗೂ ಹಿಂಬಾಲಿಸಿ. ಬ್ಯಾಟರಿಯಿಲ್ಲದೆ ನೆಟ್ ಮೀಟರಿಗೆ (ಲೈನಿಂದ ಬಂದ, ಲೈನಿಗೆ ಕೊಟ್ಟ ಎರಡೂ ಕರೆಂಟ್ ಅಳೆಯುವ ಮೀಟರ್) ಹೋಗುವ ಸೋಲಾರ್ ಲೈನಿನ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ನಿಲ್ಲಲೇಬೇಕು. ಮಾರುವವರ ಹೆಸರಿನಲ್ಲಿರುವ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ನಂಬರ್) ಮತ್ತು ನೆಟ್ ಮೀಟರ್ ಒಪ್ಪಂದದ ಕಾಗದಗಳನ್ನು ಮುಂಗಡ ಕೊಡುವ ಮೊದಲೇ ಕೇಳಿ. ನೋಡಲು ಎಲೆಕ್ಟ್ರಿಷಿಯನ್ ಜೊತೆ ಹಗಲಲ್ಲೇ ಹೋಗಿ, ಪ್ರತಿಯೊಂದು ಮೂಲವನ್ನೂ ನಿಮ್ಮ ಎದುರಿಗೇ ಬಂದ್ ಮಾಡಿಸಿ, ಎಲೆಕ್ಟ್ರಿಷಿಯನ್‌ಗೆ ನೂರಿನ್ನೂರು ಹೆಚ್ಚು ಕೊಟ್ಟರೂ ಸರಿ.

ಆ ಎರಡು ಪ್ಲಗ್ಗಿನ ವೈರನ್ನು ಎಲೆಕ್ಟ್ರಿಷಿಯನ್ ನಮ್ಮೆದುರೇ ಕತ್ತರಿಸಿದರು. ನಿಮ್ಮ ಮನೆಯಲ್ಲಿ ಅಂಥದ್ದು ಇದ್ದರೆ ದಯವಿಟ್ಟು ಇಂದೇ ಕತ್ತರಿಸಿ. ಈಗ ನಮ್ಮ ಮೀಟರ್ ಬೋರ್ಡಿನ ಮೇಲೆ ತಗಡಿನ ಫಲಕವೊಂದಿದೆ: "ಈ ಮನೆಗೆ ನಾಲ್ಕು ಕಡೆಯಿಂದ ಕರೆಂಟ್ ಬರುತ್ತದೆ: ಲೈನ್, ಸೋಲಾರ್, ಬ್ಯಾಟರಿ, ಜನರೇಟರ್." ಪ್ರತಿಯೊಂದರ ಮುಂದೆ ಅದರ ಸ್ವಿಚ್ ಎಲ್ಲಿದೆ ಎಂದು ಬರೆಸಿದ್ದೇವೆ.